ಎಷ್ಟು ಡಿಬಿಎಂ? ಯಾವುದರ ಲೆಕ್ಕದಲ್ಲಿ?

ಹೈದರಾಬಾದಿನ ನಾರಾಯಣಗೂಡದ ಯಾವುದೇ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಹತ್ತಡಿ ತಂತಿಯೊಂದನ್ನು ಎಳೆದು ಕಟ್ಟಿದರೆ ಅದಕ್ಕೆ ಬಂದು ಬೀಳುವ ರೇಡಿಯೊ ಸಂಕೇತಗಳು ಒಂದೆರಡಲ್ಲ. ಆಕಾಶವಾಣಿ ಹೈದರಾಬಾದಿನ 738 ಕಿಲೊಹರ್ಟ್ಸ್ ಮಧ್ಯಮ ತರಂಗ, 101.9 ಮತ್ತು 102.8 ಮೆಗಾಹರ್ಟ್ಸ್‌ನ ಎಫ್‌ಎಂ, ಪಕ್ಕದಲ್ಲೇ ಖಾಸಗಿ ಎಫ್‌ಎಂಗಳ ಸಾಲು, ವಾಕಿಟಾಕಿಗಳು, ಮೊಬೈಲ್ ಗೋಪುರಗಳು, ಜೊತೆಗೆ ಕೆಳಮನೆಯ ಎಲ್‌ಇಡಿ ಬಲ್ಬಿನ ಅಗ್ಗದ ಡ್ರೈವರ್ ಕಕ್ಕುವ ಗದ್ದಲ. ಇವೆಲ್ಲ ಇವೆಯೆಂದು ತಿಳಿಯಲು ಒಂದು ರೇಡಿಯೊ ಸಾಕು. ಯಾವುದು ಎಷ್ಟು ಬಲವಾಗಿದೆ ಎಂದು ತಿಳಿಯಲು ಮೀಟರು ಬೇಕು. ಪ್ರಯೋಗಾಲಯದಲ್ಲಿ ಇಡುವಂಥ ಸ್ಪೆಕ್ಟ್ರಮ್ ಅನಲೈಸರಿನ ಬೆಲೆ ಲಕ್ಷಗಳಲ್ಲಿ. ಹಾಗಾಗಿ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು), ರೇಡಿಯೊ ಹುಚ್ಚಿನ ವಿದ್ಯಾರ್ಥಿಗಳು, ನಿವೃತ್ತ ತಂತ್ರಜ್ಞರು ಹಿಂದಿನಿಂದಲೂ ತಮ್ಮ ಮೀಟರನ್ನು ತಾವೇ ಕಟ್ಟಿಕೊಳ್ಳುತ್ತ ಬಂದಿದ್ದಾರೆ. ಹಾಗೆ ಕಟ್ಟಿದ್ದು ಎಷ್ಟರಮಟ್ಟಿಗೆ ನಿಜ ಹೇಳುತ್ತದೆ ಎಂಬುದೇ ಈ ಬರಹದ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇವತ್ತು ಒಂದು ಸಣ್ಣ ಚಿಪ್ಪಿನಿಂದ ಸಂಕೇತವನ್ನು ಅಂಕಿಯಾಗಿಸುವುದು ಏನೇನೂ ಕಷ್ಟವಲ್ಲ. ಆ ಅಂಕಿಯನ್ನು ಯಾವುದಕ್ಕೆ ಹೋಲಿಸಿ ಸರಿಯೆಂದು ಒಪ್ಪಿದಿರಿ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚಿನ ಮನೆ ಮೀಟರುಗಳ ಬಳಿ ಉತ್ತರವಿಲ್ಲ.

ಮೊದಲು ಏಕಮಾನ. ರೇಡಿಯೊದವರು ವ್ಯಾಟಿನಲ್ಲಿ ಮಾತಾಡುವುದು ಕಡಿಮೆ, ಡಿಬಿಎಂನಲ್ಲಿ ಹೆಚ್ಚು. ಒಂದು ಮಿಲಿವ್ಯಾಟ್ ಅಂದರೆ 0 ಡಿಬಿಎಂ. ಹತ್ತು ಪಟ್ಟಾದರೆ 10 ಕೂಡಿಸಿ, ಹತ್ತನೆಯ ಒಂದು ಪಾಲಾದರೆ 10 ಕಳೆಯಿರಿ. ಇಷ್ಟೇ ಲೆಕ್ಕ. ಒಂದು ವ್ಯಾಟ್ 30 ಡಿಬಿಎಂ, ಹತ್ತು ವ್ಯಾಟ್ 40 ಡಿಬಿಎಂ. ಕೆಳಗಿಳಿದರೆ, ಶಾರ್ಟ್‌ವೇವ್ ರಿಸೀವರಿನ ಎಸ್-ಮೀಟರು 9ರ ಗೆರೆ ಮುಟ್ಟಬೇಕಾದ ಮಟ್ಟ ಮೈನಸ್ 73 ಡಿಬಿಎಂ. ಅಂದರೆ 50 ಓಮ್‌ನಲ್ಲಿ 50 ಮೈಕ್ರೊವೋಲ್ಟ್. ಹ್ಯಾಮ್ ಒಬ್ಬರ ಹತ್ತು ವ್ಯಾಟಿನ ಪ್ರೇಷಕಕ್ಕೂ ಅವರ ರಿಸೀವರು ಚೆನ್ನಾಗಿ ಕೇಳಿಸಿತೆನ್ನುವ ಸಂಕೇತಕ್ಕೂ ನಡುವಿನ ಅಂತರ 113 ಡೆಸಿಬೆಲ್, ಅಂದರೆ ಸುಮಾರು ಇಪ್ಪತ್ತು ಸಾವಿರ ಕೋಟಿ ಪಟ್ಟು. ಒಂದೇ ಮೇಜಿನ ಮೇಲೆ ಈ ಎರಡನ್ನೂ ಅಳೆಯಬೇಕು. ಡೆಸಿಬೆಲ್ ಇಲ್ಲದಿದ್ದರೆ ಸೊನ್ನೆ ಬರೆದೇ ಪುಸ್ತಕ ಮುಗಿಯುತ್ತಿತ್ತು.

ಎಸ್-ಮೀಟರಿನ ಮಾತು ಬಂತು. ಒಂದು ಎಸ್ ಅಂಶಕ್ಕೆ 6 ಡೆಸಿಬೆಲ್ ಎಂಬುದು ಹ್ಯಾಮ್‌ಗಳ ಅಂತರರಾಷ್ಟ್ರೀಯ ಒಕ್ಕೂಟದ ಯುರೋಪನ್ನು ಒಳಗೊಂಡ ವಲಯ 1981ರಲ್ಲಿ ಮಾಡಿದ ಶಿಫಾರಸು. ಮಾರುಕಟ್ಟೆಯ ಬಹಳಷ್ಟು ರಿಸೀವರುಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. ಇನ್ನು ಗಾಳಿಯಲ್ಲಿ ಪರಸ್ಪರ ಕೊಡುವ ವರದಿಯಂತೂ ಶಿಷ್ಟಾಚಾರವಾಗಿ ಉಳಿದಿದೆ: ಮಾತು ಅರ್ಧ ಕೇಳಿಸಿದವರಿಗೂ ‘ಫೈವ್ ನೈನ್’ ಎಂಬ ಪೂರ್ತಿ ಅಂಕ. ಎಸ್-ಮೀಟರನ್ನು ಅಳತೆಯ ಸಾಧನವೆಂದು ಈ ಸಮೀಕ್ಷೆಯಲ್ಲಿ ನಾನು ಸೇರಿಸಿಕೊಳ್ಳುತ್ತಿಲ್ಲ.

ಹಳೆಯ ಕಾಲದಲ್ಲಿ ಅಳೆಯುತ್ತಿದ್ದುದು ಪ್ರೇಷಕದ ಕಡೆಯ ಬಲವನ್ನೇ ಹೆಚ್ಚು ಎನ್ನಬಹುದು. ಹೈದರಾಬಾದಿನ ಡೆಕ್ಕನ್ ರೇಡಿಯೊ 1935ರ ಫೆಬ್ರವರಿ 3ರಂದು 200 ವ್ಯಾಟಿನಲ್ಲಿ ದನಿಯೆತ್ತಿತು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಆಗ ಇದೇ ಸಂಸ್ಥಾನದಲ್ಲಿದ್ದವು. ಅದೇ ವರ್ಷದ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಪ್ರೇಷಕದಿಂದ ‘ಆಕಾಶವಾಣಿ’ ಶುರುಮಾಡಿದರು. ಆ ಪೀಳಿಗೆಯ ಪ್ರೇಷಕಗಳಲ್ಲಿ ಆಂಟೆನಾಕ್ಕೆ ಹೋಗುವ ವಿದ್ಯುತ್ತನ್ನು ನೋಡಲು ಬಿಸಿತಂತಿಯ ಆಮೀಟರು, ಥರ್ಮೊಕಪಲ್ ಮೀಟರು ಇರುತ್ತಿದ್ದವು. ರೇಡಿಯೊ ಆವರ್ತನದ ಪ್ರವಾಹ ತಂತಿಯನ್ನು ಕಾಯಿಸುತ್ತದೆ, ಕಾದ ತಂತಿ ಹಿಗ್ಗುತ್ತದೆ, ಮುಳ್ಳು ಸರಿಯುತ್ತದೆ.

ಶಾಖದ ಈ ದಾರಿ ಮನೆಯವರಿಗೆ ಇವತ್ತಿಗೂ ತೆರೆದಿದೆ, ಆದರೂ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ. ಒಂದೇ ಬಗೆಯ ಎರಡು ಟಾರ್ಚ್ ಬಲ್ಬುಗಳನ್ನು ಅಕ್ಕಪಕ್ಕ ಇಡಿ. ಒಂದಕ್ಕೆ ಪ್ರೇಷಕದ ಸಂಕೇತ, ಇನ್ನೊಂದಕ್ಕೆ ಬ್ಯಾಟರಿಯ ನೇರ ವಿದ್ಯುತ್ತು. ಎರಡೂ ಒಂದೇ ಪ್ರಕಾಶದಲ್ಲಿ ಉರಿಯುವವರೆಗೆ ಬ್ಯಾಟರಿ ಕಡೆಯದನ್ನು ಹೊಂದಿಸಿ, ಅದರ ವೋಲ್ಟ್ ಮತ್ತು ಆಂಪಿಯರನ್ನು ಸಾಧಾರಣ ಮಲ್ಟಿಮೀಟರಿನಲ್ಲಿ ಅಳೆದು ಗುಣಿಸಿದರೆ ರೇಡಿಯೊ ಆವರ್ತನದ ವ್ಯಾಟ್ ಕೈಗೆ ಸಿಗುತ್ತದೆ. ಅಲೆಯ ಆಕಾರ ಹೇಗೇ ಇರಲಿ, ಶಾಖ ಸುಳ್ಳು ಹೇಳುವುದಿಲ್ಲ. ನೂರು ಮಿಲಿವ್ಯಾಟಿಗಿಂತ ಕೆಳಗೆ ಈ ಉಪಾಯ ಕೈಕೊಡುತ್ತದೆ, ಬಲ್ಬಿನ ರೋಧ ಉರಿಯುತ್ತ ಬದಲಾಗುವ ತಲೆನೋವೂ ಇದೆ. ಆದರೆ ನೇರ ವಿದ್ಯುತ್ತಿಗೆ ಹೋಲಿಸಿ ಅಳೆಯುವ ಈ ತತ್ತ್ವವನ್ನೇ ಪ್ರಯೋಗಾಲಯಗಳ ಥರ್ಮಿಸ್ಟರ್ ಮೀಟರುಗಳು ಅನುಸರಿಸುತ್ತವೆ.

ಮನೆಯಲ್ಲಿ ಅಳೆಯುವವರ ನಿಜವಾದ ಆಸ್ತಿ ಡಯೋಡು. ಬೆಂಗಳೂರಿನ ಬಿಇಎಲ್ ತಯಾರಿಸುತ್ತಿದ್ದ ಜರ್ಮೇನಿಯಂ ಡಯೋಡುಗಳು ಒಂದು ಕಾಲಕ್ಕೆ ರೇಡಿಯೊ ರಿಪೇರಿ ಅಂಗಡಿಗಳಲ್ಲೆಲ್ಲ ಸಿಗುತ್ತಿದ್ದವು. ಈಗ ಅವು ಹಳೆಯ ಸೆಟ್ಟುಗಳ ಹೊಟ್ಟೆಯಲ್ಲಿ ಮಾತ್ರ. ನಾರಾಯಣಗೂಡದಿಂದ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಸುಲ್ತಾನ್ ಬಜಾರ್. ಇಳಿದು ಕೋಠಿಯ ಗುಜರಾತಿ ಗಲ್ಲಿಗೆ ನಡೆದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ತಮ್ಮನಂತಿರುವ ಬಿಡಿಭಾಗಗಳ ಪೇಟೆ. ಅಲ್ಲಿ ಕೇಳಿದರೆ ಕೈಗೆ ಬರುವುದು 1ಎನ್4148 ಎಂಬ ಸಿಲಿಕಾನ್ ಡಯೋಡು. ಅದು ಕೆಲಸಕ್ಕೆ ಬರುತ್ತದೆ, ಆದರೆ ಎಲ್ಲಿ ಬರುತ್ತದೆ ಎಂದು ಗೊತ್ತಿರಬೇಕು.

ಲೆಕ್ಕ ನೋಡಿ. ಐದು ವ್ಯಾಟಿನ ಪ್ರೇಷಕವನ್ನು 50 ಓಮ್‌ನ ಡಮ್ಮಿ ಲೋಡಿಗೆ ಜೋಡಿಸಿದ್ದೀರಿ. ಎರಡು ವ್ಯಾಟಿನ 200 ಓಮ್ ರೆಸಿಸ್ಟರುಗಳನ್ನು ನಾಲ್ಕು ಸಮಾನಾಂತರವಾಗಿ ಬೆಸೆದರೆ ಅದು ಸಿದ್ಧ. ಅದರ ಮೇಲಿನ ವೋಲ್ಟೇಜಿನ ತುದಿ 22.4 ವೋಲ್ಟ್. ಸಿಲಿಕಾನ್ ಡಯೋಡು 0.6 ವೋಲ್ಟ್ ನುಂಗಿ 21.8 ತೋರಿಸುತ್ತದೆ. ನುಂಗಿದ್ದನ್ನು ಕೂಡಿಸದೆ ವರ್ಗಮಾಡಿ ನೂರರಿಂದ ಭಾಗಿಸಿದರೂ 4.7 ವ್ಯಾಟ್ ಬರುತ್ತದೆ, ಅಂಥ ನಷ್ಟವೇನಿಲ್ಲ. ಈಗ ಪ್ರೇಷಕವನ್ನು ಬಿಟ್ಟು ಆಸಿಲೇಟರಿನ ಹತ್ತು ಮಿಲಿವ್ಯಾಟನ್ನು ಅಳೆಯಲು ಹೋಗಿ. ಅಲ್ಲಿ ತುದಿಯೇ ಒಂದು ವೋಲ್ಟ್. ಅರ್ಧಕ್ಕರ್ಧ ಡಯೋಡಿನ ಪಾಲು. ಒಂದು ಮಿಲಿವ್ಯಾಟಿನಲ್ಲಿ ತುದಿ 0.32 ವೋಲ್ಟ್, ಸಿಲಿಕಾನ್ ಡಯೋಡು ಹೆಚ್ಚುಕಡಿಮೆ ಮೂಕ. ಜರ್ಮೇನಿಯಂ ಅಥವಾ ಶಾಟ್ಕಿ ಡಯೋಡು ಇನ್ನೂ ಸ್ವಲ್ಪ ಕೆಳಗಿನವರೆಗೆ ಅಲುಗಾಡುತ್ತದೆ, ಆದರೆ ಅಲ್ಲಿ ಅದು ವೋಲ್ಟೇಜಿನ ಬದಲು ವೋಲ್ಟೇಜಿನ ವರ್ಗವನ್ನು ತೋರಿಸತೊಡಗುತ್ತದೆ. ಒಂದೇ ಮೀಟರು ಮೇಲೊಂದು ಕಾನೂನು, ಕೆಳಗೊಂದು ಕಾನೂನು ಪಾಲಿಸಿದರೆ ಅದರ ಮುಖಕ್ಕೆ ಸ್ಕೇಲು ಬರೆಯುವುದು ಹೇಗೆ? ಒಂದೊಂದು ಮಟ್ಟ ಕೊಟ್ಟು, ಮುಳ್ಳು ನಿಂತ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಬೇಕು.

ಡಯೋಡ್ ಪ್ರೋಬಿನ ಇನ್ನೊಂದು ಸೂಕ್ಷ್ಮ ಇಲ್ಲಿ ಹೇಳಲೇಬೇಕು. ಹಳೆಯ ಪುಸ್ತಕಗಳ ಚಿತ್ರಗಳಲ್ಲಿ ಡಯೋಡಿನ ಮುಂದೆ 4.7 ಮೆಗಾಓಮ್ ರೆಸಿಸ್ಟರು ಇರುತ್ತದೆ. ತುದಿಯ ವೋಲ್ಟೇಜನ್ನು ಆರ್‌ಎಂಎಸ್‌ಗೆ ಇಳಿಸಲು ಅದು ಬೇಕು. ಆದರೆ ಆ ಲೆಕ್ಕ ಅಂದಿನ 11 ಮೆಗಾಓಮ್ ವಾಲ್ವ್ ವೋಲ್ಟ್‌ಮೀಟರಿನದು. ಇಂದಿನ ಡಿಜಿಟಲ್ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್; ಅದಕ್ಕೆ ಹಾಕಬೇಕಾದ್ದು ಸುಮಾರು 4.1. ಹಳೆಯ ಚಿತ್ರವನ್ನು ಹಾಗೇ ನಕಲು ಮಾಡಿದವರ ಮೀಟರು ಹುಟ್ಟಿನಿಂದಲೇ ಶೇಕಡಾ ನಾಲ್ಕು ಕಡಿಮೆ ಹೇಳುತ್ತದೆ.

ಪರಿಸ್ಥಿತಿ ತಿರುಗಿದ್ದು ಲಾಗರಿದಮ್ ಚಿಪ್ಪಿನಿಂದ. ಅಮೆರಿಕದ ಹ್ಯಾಮ್ ಮಾಸಿಕ ಕ್ಯೂಎಸ್‌ಟಿಯ 2001ರ ಜೂನ್ ಸಂಚಿಕೆಯಲ್ಲಿ ವೆಸ್ ಹೇವರ್ಡ್ ಮತ್ತು ಬಾಬ್ ಲಾರ್ಕಿನ್ ಅನಲಾಗ್ ಡಿವೈಸಸ್ ಕಂಪನಿಯ ಎಡಿ8307 ಬಳಸಿ ಸರಳ ಪವರ್ ಮೀಟರೊಂದನ್ನು ವಿವರಿಸಿದರು. ಎಂಟು ಕಾಲಿನ ಈ ಚಿಪ್ಪಿನೊಳಗೆ ಒಂದರ ಹಿಂದೊಂದು ವರ್ಧಕಗಳ ಸರಪಳಿ ಇದೆ. ಸಣ್ಣ ಸಂಕೇತ ಕೊನೆಯವರೆಗೂ ಹಿಗ್ಗುತ್ತ ಹೋಗುತ್ತದೆ. ದೊಡ್ಡದು ಕೊನೆಯ ವರ್ಧಕಗಳಿಂದ ಹಿಡಿದು ಒಂದೊಂದನ್ನೇ ತುಂಬಿಸಿಬಿಡುತ್ತದೆ. ಎಷ್ಟು ತುಂಬಿದವು ಎಂಬುದರ ಮೊತ್ತವೇ ಹೊರಗೆ ಬರುವ ವೋಲ್ಟೇಜು. ಫಲವಾಗಿ ಒಂದು ಡೆಸಿಬೆಲ್ ಏರಿದರೆ 25 ಮಿಲಿವೋಲ್ಟ್ ಏರುತ್ತದೆ, ಸಂಕೇತ ಸಣ್ಣದಿರಲಿ ದೊಡ್ಡದಿರಲಿ. ಮೈನಸ್ 75ರಿಂದ ಪ್ಲಸ್ 17 ಡಿಬಿಎಂವರೆಗೆ, 500 ಮೆಗಾಹರ್ಟ್ಸ್‌ವರೆಗೆ. ಇನ್‌ಪುಟ್ಟಿನಲ್ಲಿ 52 ಓಮ್‌ನ ರೆಸಿಸ್ಟರೊಂದು, ಕೆಲವು ಕೆಪಾಸಿಟರು, ಒಂದು ಮಲ್ಟಿಮೀಟರು. ಡಯೋಡಿನ ಎರಡು ಕಾನೂನುಗಳ ಜಗಳ ಇದರಿಂದ ಮುಗಿಯಿತು. ಮನೆಯಲ್ಲಿ ಸಂಕೇತ ಅಳೆಯುವವರ ಪಾಲಿಗೆ ಟ್ರಾನ್ಸಿಸ್ಟರಿನ ನಂತರ ಇಷ್ಟು ದೊಡ್ಡ ಉಪಕಾರವನ್ನು ಬೇರೆ ಯಾವ ಬಿಡಿಭಾಗವೂ ಮಾಡಿಲ್ಲವೆಂದೇ ನನ್ನ ಎಣಿಕೆ.

ಈ ಚಿಪ್ಪು ಹೈದರಾಬಾದಿಗೆ ಬಂದಾಗ ಅದನ್ನು ಎತ್ತಿಕೊಳ್ಳಲು ಇಲ್ಲಿ ಜನರಿದ್ದರು. ಊರಿನಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆ 1983ರಿಂದ ಇದೆ. ಸರ್ಕಾರಿ ಕಾರ್ಖಾನೆ ಇಸಿಐಎಲ್, ರಕ್ಷಣಾ ಪ್ರಯೋಗಾಲಯಗಳಿಂದಾಗಿ ಎಲೆಕ್ಟ್ರಾನಿಕ್ಸ್ ಬಲ್ಲವರಿಗೇನೂ ಕೊರತೆಯಿಲ್ಲ. ಆದರೆ ಹೆಸರು ಹೇಳಬೇಕಾದ್ದು ಅಶ್‌ಹರ್ ಫರ್ಹಾನ್ ಅವರದು. ಬಂಜಾರಾ ಹಿಲ್ಸಿನ ಲಾಮಕಾನ್ ಎಂಬ ಸಾಂಸ್ಕೃತಿಕ ತಾಣವನ್ನು ಕಟ್ಟಿದವರಲ್ಲಿ ಒಬ್ಬರಾದ ಇವರು 2003ರ ಸುಮಾರಿಗೆ ಬಿಟ್‌ಎಕ್ಸ್ 20 ಎಂಬ ಶಾರ್ಟ್‌ವೇವ್ ಟ್ರಾನ್ಸ್‌ಸೀವರನ್ನು ವಿನ್ಯಾಸಗೊಳಿಸಿದರು. ವಿದೇಶಿ ಟೊರಾಯ್ಡ್ ಉಂಗುರಗಳು ಇಲ್ಲಿ ಸಿಗುವುದು ದುರ್ಲಭವೆಂದು ನಲ್ಲಿಯ ವಾಷರುಗಳ ಮೇಲೆ ಕಾಯಿಲ್ ಸುತ್ತುವುದನ್ನು ತೋರಿಸಿಕೊಟ್ಟರು. ಟಿವಿ ಆಂಟೆನಾದ ಬಾಲನ್ನಿನಿಂದ ಟ್ರಾನ್ಸ್‌ಫಾರ್ಮರ್ ಮಾಡಿದರು. ಆ ವಿನ್ಯಾಸ ಜಗತ್ತಿನ ಹ್ಯಾಮ್‌ಗಳ ಮೇಜುಗಳಿಗೆ ಹೋಯಿತು. 2016ರಲ್ಲಿ ಅದರ 40 ಮೀಟರ್ ಆವೃತ್ತಿ ಸಿದ್ಧ ಬೋರ್ಡಾಗಿ ಬಂದಾಗ ಕಾಯಿಲ್ ಸುತ್ತಿದ್ದು ಇದೇ ಊರಿನ ಮಹಿಳೆಯರ ಗುಂಪೊಂದು.

ಟ್ರಾನ್ಸ್‌ಸೀವರಿನ ಕೀರ್ತಿಯ ನೆರಳಿನಲ್ಲಿ ಫರ್ಹಾನ್ ಅವರ ಅಳತೆಯ ಸಾಧನಗಳು ಮರೆಯಾಗಿವೆ. ನನ್ನ ದೃಷ್ಟಿಯಲ್ಲಿ ಅವೇ ಹೆಚ್ಚು ಮುಖ್ಯ. ‘ಸ್ವೀಪರಿನೊ’ ಎಂಬುದು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಎಸ್‌ಐ570 ಆಸಿಲೇಟರ್, ಎಡಿ8307 ಮೂರನ್ನೂ ಕೂಡಿಸಿ ಕಟ್ಟಿದ್ದು. ಆಸಿಲೇಟರು ಆವರ್ತನವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ನಡುವೆ ನಿಮ್ಮ ಫಿಲ್ಟರನ್ನೊ ವರ್ಧಕವನ್ನೊ ಇಡಿ. ಆಚೆ ಬಂದದ್ದನ್ನು ಲಾಗ್ ಚಿಪ್ಪು ಅಳೆಯುತ್ತದೆ. ಪರದೆಯ ಮೇಲೆ ಫಿಲ್ಟರಿನ ಆಕಾರ ಮೂಡುತ್ತದೆ. ಅದರ ನಂತರದ ‘ಆಂಟುಯಿನೊ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆ ಹೆಜ್ಜೆ ಏಕೆ ಬೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಾರಾಯಣಗೂಡದಂಥ ಜಾಗದಲ್ಲಿ ಮನೆ ಮೀಟರು ಸೋಲುವುದು ಅಲ್ಲೇ.

ಎಡಿ8307ಕ್ಕೆ ಕಿವಿ ಅಗಲ. ನೂರಾರು ಮೆಗಾಹರ್ಟ್ಸ್ ಪೂರ್ತಿ ಒಟ್ಟಿಗೆ ಕೇಳುತ್ತದೆ. ಅಷ್ಟಗಲದಲ್ಲಿ ಉಷ್ಣದಿಂದ ಹುಟ್ಟುವ ಗದ್ದಲವೇ ಮೈನಸ್ 87 ಡಿಬಿಎಂ ಆಸುಪಾಸು. ಚಿಪ್ಪಿನ ಸ್ವಂತ ಗದ್ದಲ ಸೇರಿದರೆ ಮೈನಸ್ 75ಕ್ಕೆ ನೆಲ ಮುಟ್ಟಿದಂತೆ. ಎಸ್-9 ಎಂಬುದು ಮೈನಸ್ 73 ಎಂದೆನಲ್ಲ. ಅಂದರೆ ರಿಸೀವರಿಗೆ ಗಟ್ಟಿಯಾಗಿ ಕೇಳುವ ಸಂಕೇತ ಈ ಮೀಟರಿಗೆ ಕೇಳಿಸುವ ಕಟ್ಟಕಡೆಯ ಪಿಸುಮಾತು. ತಾರಸಿಯ ತಂತಿಯನ್ನು ನೇರವಾಗಿ ಇದಕ್ಕೆ ಚುಚ್ಚಿದರೆ ಅಂಕಿಯೇನೋ ಬರುತ್ತದೆ, ಆದರೆ ಅದು ಆಕಾಶವಾಣಿ, ಎಫ್‌ಎಂ, ಮೊಬೈಲು, ಎಲ್‌ಇಡಿ ಎಲ್ಲದರ ಕಲಸುಮೇಲೋಗರ. ನಿಮಗೆ ಬೇಕಾದ 7 ಮೆಗಾಹರ್ಟ್ಸ್ ಸಂಕೇತ ಅದರಲ್ಲಿ ಎಲ್ಲಿ ಮುಳುಗಿತೆಂದು ಹುಡುಕಬೇಕು. ಆಂಟೆನಾ ಅನಲೈಸರಿಗೂ ಇದೇ ಗತಿ: ಪಕ್ಕದ ಪ್ರಸಾರ ಕೇಂದ್ರದ ಬಲವನ್ನು ನಿಮ್ಮ ಆಂಟೆನಾದಿಂದ ಮರಳಿದ ಅಲೆಯೆಂದು ತಿಳಿದು ತಪ್ಪು ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಿಕೆಯ ಅಂಕಿ) ತೋರಿಸುತ್ತದೆ. ಆಂಟುಯಿನೊ ಒಳಗೆ ಎಸ್‌ಐ5351 ಆಸಿಲೇಟರ್ ಚಿಪ್ಪಿದೆ, ಸೂಪರ್‌ಹೆಟ್ ರಿಸೀವರ್ ಇದೆ. ಬೇಕಾದ ಆವರ್ತನವನ್ನು ಮಾತ್ರ ಇಳಿಸಿ, ಕ್ರಿಸ್ಟಲ್ ಫಿಲ್ಟರಿನ ಕಿಂಡಿಯಲ್ಲಿ ತೂರಿಸಿ, ಆಮೇಲೆ ಲಾಗ್ ಚಿಪ್ಪಿಗೆ ಕೊಡುತ್ತದೆ. ಕಿಂಡಿ ಕಿರಿದಾದಷ್ಟೂ ಗದ್ದಲದ ನೆಲ ಕೆಳಗಿಳಿಯುತ್ತದೆ. ಹೇವರ್ಡ್ ಮತ್ತು ಟೆರ್ರಿ ವೈಟ್ 1998ರಲ್ಲಿ ಪ್ರಕಟಿಸಿದ ಮನೆಕಟ್ಟಿನ ಸ್ಪೆಕ್ಟ್ರಮ್ ಅನಲೈಸರಿನ ಸೂತ್ರವೂ ಇದೇ. ಪೇಟೆಯ ನಡುವೆ ವಾಸಿಸುವವರು ಅಗಲಕಿವಿಯ ಮೀಟರನ್ನು ಆಂಟೆನಾಕ್ಕೆ ಜೋಡಿಸಬಾರದು, ಮೇಜಿನ ಮೇಲಿನ ಸರ್ಕೀಟುಗಳಿಗೆ ಮಾತ್ರ ಇಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಸಲಹೆ.

ಮೀಟರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಹೈದರಾಬಾದೇ ಸಾಕ್ಷಿ. 2018ರ ಸುಮಾರಿಗೆ ಬಂದ ಫರ್ಹಾನ್ ಅವರ ಮೈಕ್ರೊ ಬಿಟ್‌ಎಕ್ಸ್ ಎಂಬುದು 3ರಿಂದ 30 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುವ, ಹತ್ತು ವ್ಯಾಟ್ ಆಸುಪಾಸಿನ ಕಿಟ್ಟು. ಬೆಲೆಗೆ ಹೋಲಿಸಿದರೆ ಅದ್ಭುತ. ಕೊಂಡವರಲ್ಲಿ ಸ್ಪೆಕ್ಟ್ರಮ್ ಅನಲೈಸರ್ ಇದ್ದವರು ಅಳೆದು ನೋಡಿದಾಗ ಕೆಲವು ಬ್ಯಾಂಡುಗಳಲ್ಲಿ ಬೇಡದ ಸಂಕೇತಗಳು ಮಿತಿ ಮೀರಿದ್ದವು. ಫಿಲ್ಟರುಗಳನ್ನು ಬದಲಿಸುವ ರಿಲೇಗಳ ಮೂಲಕ ಹಾರ್ಮೋನಿಕ್‌ಗಳು ಸುತ್ತುಹಾದಿ ಹಿಡಿದು ಸೋರುತ್ತಿದ್ದವು. ಮೇಲಿನ ಬ್ಯಾಂಡುಗಳಲ್ಲಿ ಮಿಕ್ಸರಿನ ಅಡ್ಡಹುಟ್ಟುಗಳಿದ್ದವು. 30 ಮೆಗಾಹರ್ಟ್ಸ್‌ನ ಕೆಳಗೆ ಇಂಥವು ಮುಖ್ಯ ಸಂಕೇತಕ್ಕಿಂತ ಕನಿಷ್ಠ 43 ಡೆಸಿಬೆಲ್ ಕೆಳಗಿರಬೇಕೆಂದು ಅಮೆರಿಕದ ನಿಯಮ. ಹತ್ತು ವ್ಯಾಟಿಗೆ 43 ಡೆಸಿಬೆಲ್ ಕೆಳಗೆಂದರೆ ಅರ್ಧ ಮಿಲಿವ್ಯಾಟ್. ಸಾಧಾರಣ ಪವರ್ ಮೀಟರಿಗೆ ಹತ್ತು ವ್ಯಾಟಿನ ನಡುವೆ ಅರ್ಧ ಮಿಲಿವ್ಯಾಟ್ ಕಾಣುವುದು ಸಾಧ್ಯವೇ ಇಲ್ಲ. ಆವರ್ತನ ಆರಿಸಿ ಅಳೆಯುವ ಮೀಟರೇ ಬೇಕು. ಬಳಕೆದಾರರು ಅಂಕಿಗಳನ್ನು ಮುಂದಿಟ್ಟರು, ಪರಿಹಾರಗಳನ್ನು ಸೂಚಿಸಿದರು, ಮುಂದಿನ ಆವೃತ್ತಿಯಲ್ಲಿ ವಿನ್ಯಾಸ ತಿದ್ದುಪಡಿಯಾಯಿತು. ವಿನ್ಯಾಸದ ನಕ್ಷೆ ಎಲ್ಲರಿಗೂ ತೆರೆದಿದ್ದುದರಿಂದ ಇದು ನಡೆಯಿತು. ಮುಚ್ಚಿದ ಪೆಟ್ಟಿಗೆಗಳನ್ನು ಮಾರುವ ಕಂಪನಿಗಳ ವಿಷಯದಲ್ಲಿ ಹೀಗೆ ನಡೆಯುವುದು ಅಪರೂಪ.

ಹತ್ತು ವ್ಯಾಟನ್ನು ನೇರವಾಗಿ ಲಾಗ್ ಚಿಪ್ಪಿಗೆ ಕೊಟ್ಟರೆ ಚಿಪ್ಪು ಸುಡುತ್ತದೆ ಎಂದು ಬೇರೆ ಹೇಳಬೇಕಿಲ್ಲ. ದಾರಿಯಲ್ಲಿ 40 ಡೆಸಿಬೆಲ್ ತಗ್ಗಿಸುವ ಕವಲು ಬೇಕು. 820 ಓಮ್‌ನ ಮೂರು ರೆಸಿಸ್ಟರುಗಳನ್ನು ಸಾಲಾಗಿ ಬೆಸೆದು ಮುಖ್ಯ ತಂತಿಯಿಂದ ಎಳೆದುಕೊಳ್ಳಿ, ಆಚೆ ತುದಿಯಲ್ಲಿ 51 ಓಮ್ ಭೂಮಿಗೆ ಕೊಡಿ. 50 ಓಮ್‌ನ ಮೀಟರು ಜೋಡಿಸಿದಾಗ 39.9 ಡೆಸಿಬೆಲ್ ತಗ್ಗುತ್ತದೆ. ಹತ್ತು ವ್ಯಾಟಿನಲ್ಲಿ ಆ ಮೂರು ರೆಸಿಸ್ಟರುಗಳಲ್ಲಿ ಕರಗುವುದು ಬರೀ 0.2 ವ್ಯಾಟ್.

ಇನ್ನು ಕ್ಯಾಲಿಬ್ರೇಷನ್. ಮನೆಯಲ್ಲಿ ಮಾಡಿದ ಮೀಟರಿಗೂ ಅಲಂಕಾರದ ಪೆಟ್ಟಿಗೆಗೂ ಇರುವ ವ್ಯತ್ಯಾಸ ಇದೊಂದೇ. ದಿನಸಿ ಅಂಗಡಿಯ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೇಕು, ಹ್ಯಾಮ್ ಮೀಟರಿಗೆ ಅದೂ ಇಲ್ಲ. ಆರ್ಡುಯಿನೊ ಪರದೆಯಲ್ಲಿ ‘ಮೈನಸ್ 32.47 ಡಿಬಿಎಂ’ ಎಂದು ಎರಡು ದಶಮಾಂಶದವರೆಗೆ ತೋರಿಸುವ ಮೀಟರುಗಳನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ಆರ್ಡುಯಿನೊದ 10 ಬಿಟ್ ಪರಿವರ್ತಕದ ಒಂದು ಮೆಟ್ಟಿಲು 4.9 ಮಿಲಿವೋಲ್ಟ್, 25 ಮಿಲಿವೋಲ್ಟಿಗೆ ಒಂದು ಡೆಸಿಬೆಲ್ ಎಂದರೆ ಒಂದು ಮೆಟ್ಟಿಲಿಗೆ 0.2 ಡೆಸಿಬೆಲ್. ಆ ಎರಡನೆಯ ದಶಮಾಂಶ ಎಲ್ಲಿಂದ ಬಂತು?

ಇದಕ್ಕಿಂತ ದೊಡ್ಡ ಮೋಸ ಯುಎಸ್‌ಬಿ ಕೇಬಲ್ಲಿನಲ್ಲಿದೆ. ಪರಿವರ್ತಕ ತನ್ನ ಅಳತೆಯನ್ನು 5 ವೋಲ್ಟಿಗೆ ಹೋಲಿಸಿ ಹೇಳುತ್ತದೆ, ಆ 5 ವೋಲ್ಟ್ ಬರುವುದು ಮೊಬೈಲ್ ಚಾರ್ಜರಿನಿಂದ. ಅದು ನಿಜವಾಗಿ 4.75 ಇದ್ದರೆ, ಚಿಪ್ಪು ಕೊಟ್ಟ 2 ವೋಲ್ಟನ್ನು ಆರ್ಡುಯಿನೊ 2.105 ಎಂದು ಓದುತ್ತದೆ. ಆ 105 ಮಿಲಿವೋಲ್ಟ್ ಅಂದರೆ 4.2 ಡೆಸಿಬೆಲ್, ಬಲವನ್ನು ಎರಡೂವರೆ ಪಟ್ಟಿಗೂ ಮೀರಿ ಹೆಚ್ಚು ತೋರಿಸಿದಂತಾಯಿತು. ಕೆಳಮಟ್ಟದ ಸಂಕೇತದಲ್ಲಿ, ಚಿಪ್ಪು ಅರ್ಧ ವೋಲ್ಟ್ ಕೊಡುವಾಗ, ಅದೇ ದೋಷ ಒಂದು ಡೆಸಿಬೆಲ್ ಮಾತ್ರ. ಎಲ್ಲ ಕಡೆ ಒಂದೇ ಸಮನಾಗಿ ತಪ್ಪಿದರೆ ಕಳೆದುಬಿಡಬಹುದಿತ್ತು. ಹೀಗೆ ಮೇಲೆ ಹೆಚ್ಚು ಕೆಳಗೆ ಕಡಿಮೆ ತಪ್ಪಿದರೆ, ನಿಮ್ಮ ವರ್ಧಕದ ಗಳಿಕೆಯೂ ಫಿಲ್ಟರಿನ ಆಳವೂ ಸುಳ್ಳಾಗುತ್ತವೆ. ಪರಿಹಾರ ಅಗ್ಗ: ಕೆಲವೇ ರೂಪಾಯಿಯ ಸ್ಥಿರ ವೋಲ್ಟೇಜ್ ರೆಫರೆನ್ಸ್ ಚಿಪ್ಪೊಂದನ್ನು ಹಾಕಿ, ಆರ್ಡುಯಿನೊಗೆ ಅದನ್ನೇ ನೋಡಲು ಹೇಳಿ.

ಮೀಟರು ಸರಿಯಿದೆಯೆಂದು ತಿಳಿಯಲು ಗೊತ್ತಿರುವ ಸಂಕೇತವೊಂದು ಬೇಕು. ಮನೆಯಲ್ಲಿ ಸಾಧ್ಯವಾದ ಅತ್ಯುತ್ತಮ ದಾರಿ ಆಸಿಲೋಸ್ಕೋಪಿನದು. 50 ಓಮ್‌ನ ಮೇಲೆ ಶುದ್ಧ ಸೈನ್ ಅಲೆ ತುದಿಯಿಂದ ತುದಿಗೆ 632 ಮಿಲಿವೋಲ್ಟ್ ಇದ್ದರೆ ಅದು 0 ಡಿಬಿಎಂ. ಸ್ಕೋಪು ಶೇಕಡಾ 3 ತಪ್ಪಿದರೂ ಕಾಲು ಡೆಸಿಬೆಲ್ ಅಷ್ಟೇ. ಆದರೆ ಇಲ್ಲೂ ಒಂದು ಹಳ್ಳವಿದೆ. 20 ಮೆಗಾಹರ್ಟ್ಸ್‌ನ ಹಳೆಯ ಸ್ಕೋಪಿನಲ್ಲಿ 10 ಮೆಗಾಹರ್ಟ್ಸ್ ಸಂಕೇತ ನೋಡಿದರೆ ಅದು ಆಗಲೇ ಸುಮಾರು ಒಂದು ಡೆಸಿಬೆಲ್ ಕುಗ್ಗಿರುತ್ತದೆ. ‘20 ಮೆಗಾಹರ್ಟ್ಸ್’ ಎಂದರೆ ಅಲ್ಲಿವರೆಗೆ ಸರಿ ತೋರಿಸುತ್ತದೆಂದಲ್ಲ, ಅಲ್ಲಿಗೆ 3 ಡೆಸಿಬೆಲ್ ಕುಗ್ಗುತ್ತದೆಂದು. ಎರಡು ಮೆಗಾಹರ್ಟ್ಸ್‌ನಲ್ಲಿ ಅಳೆದರೆ ಅದೇ ಸ್ಕೋಪಿನ ಕುಗ್ಗುವಿಕೆ ಲೆಕ್ಕಕ್ಕಿಲ್ಲ. ಲಾಗ್ ಚಿಪ್ಪು ಎರಡಕ್ಕೂ ಹತ್ತಕ್ಕೂ ಒಂದೇ ರೀತಿ ಸ್ಪಂದಿಸುತ್ತದೆ. ಆದ್ದರಿಂದ ಕೆಳ ಆವರ್ತನದಲ್ಲಿ ಕ್ಯಾಲಿಬ್ರೇಟ್ ಮಾಡಿ ಮೇಲಿನದಕ್ಕೆ ಬಳಸುವುದು ಜಾಣತನ. ಅಲೆ ಸೈನ್ ಆಗಿರಲೇಬೇಕು. ಚೌಕಾಕಾರದ ಅಲೆಗೂ ಗದ್ದಲಕ್ಕೂ ಇದೇ ಚಿಪ್ಪು ಬೇರೆಬೇರೆ ಓದು ಕೊಡುತ್ತದೆ, ಗದ್ದಲದಲ್ಲಿ ಎರಡೂವರೆ ಡೆಸಿಬೆಲ್ಲಿನಷ್ಟು ವ್ಯತ್ಯಾಸ.

0 ಡಿಬಿಎಂ ಸಿಕ್ಕ ಮೇಲೆ ಕೆಳಗಿನ ಮಟ್ಟಗಳಿಗೆ ಅಟೆನ್ಯುಯೇಟರು. ಹತ್ತು ಡೆಸಿಬೆಲ್ಲಿನ ಪೈ ಜೋಡಣೆಗೆ ಪುಸ್ತಕ ಹೇಳುವುದು 96.2 ಮತ್ತು 71.2 ಓಮ್, ಕೋಠಿಯಲ್ಲಿ ಸಿಗುವುದು 100 ಮತ್ತು 68. ಪರವಾಗಿಲ್ಲ, ಹಾಕಿ. ಆದರೆ ಅದನ್ನು ‘10’ ಎಂದು ಬರೆಯಬೇಡಿ, ಅದು 9.6. ನಿಖರ ಬೆಲೆಯ ಬಿಡಿಭಾಗ ಸಿಗದಿರುವುದು ತಪ್ಪಲ್ಲ. ಸಿಕ್ಕಿದ್ದರ ನಿಖರ ಬೆಲೆ ಬರೆಯದಿರುವುದು ತಪ್ಪು. ಇಂಥವನ್ನು ನಾಲ್ಕು ಮಾಡಿ, ಟಾಗಲ್ ಸ್ವಿಚ್ಚುಗಳೊಂದಿಗೆ ತಾಮ್ರದ ಹಲಗೆಯ ಗೂಡುಗಳಲ್ಲಿ ಬೇರೆಬೇರೆ ಕೂರಿಸಿ. ಗೂಡಿಲ್ಲದೆ 60 ಡೆಸಿಬೆಲ್ ಕಟ್ಟಿದವರಿಗೆ ಸಂಕೇತ ರೆಸಿಸ್ಟರುಗಳನ್ನು ಬಿಟ್ಟು ಗಾಳಿಯಲ್ಲೇ ಜಿಗಿದು ಬರುತ್ತದೆ, ಸ್ವಿಚ್ಚು ಒತ್ತಿದರೂ ಓದು ಇಳಿಯುವುದಿಲ್ಲ. ಬಿಸ್ಕತ್ತಿನ ತಗಡಿನ ಡಬ್ಬಿ ಪ್ಲಾಸ್ಟಿಕ್ ಪೆಟ್ಟಿಗೆಗಿಂತ ಎಷ್ಟೋ ಮೇಲು, ಮುಚ್ಚಳಕ್ಕೂ ಬೆಸುಗೆ ಹಾಕುವುದಾದರೆ.

ಕೇಬಲ್ಲಿನ ಬಗ್ಗೆ ಅನಗತ್ಯ ಭಯವಿದೆ. ಮನೆಮನೆಯ ಟಿವಿ ಕೇಬಲು 75 ಓಮ್, ಹ್ಯಾಮ್ ಸಾಮಾನು 50 ಓಮ್. 75 ಓಮ್‌ನ ಲೋಡು 50 ಓಮ್‌ನ ಮೂಲಕ್ಕೆ ಸಿಕ್ಕಾಗ ಹೊಂದದೆ ಕಳೆದುಹೋಗುವ ಬಲ 0.18 ಡೆಸಿಬೆಲ್. ಇದಕ್ಕಾಗಿ ನಿದ್ದೆಗೆಡಬೇಕಿಲ್ಲ; ಚಾರ್ಜರಿನ 4 ಡೆಸಿಬೆಲ್ಲಿಗಾಗಿ ಕೆಡಿ.

ಸಿದ್ಧ ಸಾಮಾನಿನ ಮಾತು ಚುಟುಕಾಗಿ. ಟಿವಿ ನೋಡುವ ಡಾಂಗಲ್ ರೇಡಿಯೊ ಆಗಿ ಬದಲಾಗಿದ್ದು 2012ರ ಸುಮಾರಿಗೆ. ಅದು ಯಾವ ಸಂಕೇತ ಎಲ್ಲಿದೆಯೆಂದು ಚೆನ್ನಾಗಿ ತೋರಿಸುತ್ತದೆ. ಎಷ್ಟಿದೆ ಎಂಬುದನ್ನು ಕ್ಯಾಲಿಬ್ರೇಟ್ ಮಾಡದೆ ನಂಬಬಾರದು. ಜಪಾನಿನ ಹವ್ಯಾಸಿಯೊಬ್ಬರ ವಿನ್ಯಾಸವಾದ ನ್ಯಾನೊವಿಎನ್‌ಎ 2019ರ ನಂತರ ಚೀನಾದಿಂದ ಅಗ್ಗವಾಗಿ ಬರತೊಡಗಿತು. 2020ರಲ್ಲಿ ಬಂದ ಟೈನಿಎಸ್‌ಎ ಅಂಗೈಯಗಲದ ಸ್ಪೆಕ್ಟ್ರಮ್ ಅನಲೈಸರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ಯಾಲಿಬ್ರೇಷನ್ ಸಂಕೇತ ಅದರೊಳಗೇ ಇದೆ. ಇಷ್ಟು ಅಗ್ಗಕ್ಕೆ ಇವು ಸಿಗುವಾಗ ಮನೆಯಲ್ಲಿ ಕಟ್ಟುವುದೇಕೆ ಎಂದು ಕೇಳುವವರಿಗೆ ನನ್ನ ಉತ್ತರ: ಆಂಟೆನಾ ಹೊಂದಿಸಿಕೊಳ್ಳುವುದಷ್ಟೇ ಉದ್ದೇಶವಾದರೆ ಕಟ್ಟಬೇಡಿ, ಕೊಳ್ಳಿ. ಆದರೆ ಕೊಂಡದ್ದು ಸರಿಯಿದೆಯೇ ಎಂದು ನೋಡಲು ಕೂಡ ಮನೆಯಲ್ಲಿ ಕಟ್ಟಿದ ಅಟೆನ್ಯುಯೇಟರೂ ಗೊತ್ತಿರುವ 0 ಡಿಬಿಎಂ ಮೂಲವೂ ಬೇಕೇ ಬೇಕು. ಮೀಟರಿಗಿಂತ ಮೊದಲು ಕಟ್ಟಬೇಕಾದ್ದು ಅವೆರಡನ್ನು. ಇದಕ್ಕೆ ಯಾವ ಪರವಾನಗಿಯೂ ಬೇಡ. ಹ್ಯಾಮ್ ಪರವಾನಗಿ ಬೇಕಾಗುವುದು ಪ್ರೇಷಕ ಇಟ್ಟುಕೊಳ್ಳಲು, ಆಂಟೆನಾದಿಂದ ಸಂಕೇತ ಕಳಿಸಲು.

ಕ್ಯಾಲಿಬ್ರೇಷನ್ ಬರೀ ಹವ್ಯಾಸಿಗಳ ಗೀಳು ಎಂದುಕೊಳ್ಳುವವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಮಾಡಿದ್ದನ್ನು ನೋಡಬೇಕು. ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ‘ಎಡ್ಜಸ್’ ಎಂಬ ಉಪಕರಣ ನೆಟ್ಟು, 78 ಮೆಗಾಹರ್ಟ್ಸ್ ಬಳಿ ಆಕಾಶದ ರೇಡಿಯೊ ಮಟ್ಟದಲ್ಲಿ ಅರ್ಧ ಕೆಲ್ವಿನ್ನಿನ ತಗ್ಗು ಕಂಡಿದೆ, ಅದು ಮೊದಲ ನಕ್ಷತ್ರಗಳ ಗುರುತು ಎಂದು 2018ರಲ್ಲಿ ಸಾರಿತು. ಜಗತ್ತು ಬೆರಗಾಯಿತು. ಬೆಂಗಳೂರಿನವರು ತಾವೇ ವಿನ್ಯಾಸಗೊಳಿಸಿ ಕಟ್ಟಿದ ‘ಸಾರಸ್ 3’ ರೇಡಿಯೊಮೀಟರನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ನೆಲದ ಪದರಗಳಿಂದ ಮರಳುವ ಅಲೆಗಳು ಆಂಟೆನಾದ ಓದನ್ನು ಕೆಡಿಸುತ್ತವೆ, ನೀರಿನ ಮೇಲಾದರೆ ಕೆಳಗಿರುವುದು ಒಂದೇ ಸಮನಾದ ವಸ್ತು ಎಂಬುದು ಅವರ ತರ್ಕ. 2022ರ ಫೆಬ್ರವರಿಯಲ್ಲಿ ಪ್ರಕಟವಾದ ಫಲಿತಾಂಶ: ಆ ತಗ್ಗು ಅಲ್ಲಿಲ್ಲ, ಅಮೆರಿಕದವರು ಹೇಳಿದ ಆಕಾರವನ್ನು ಶೇಕಡಾ 95.3 ವಿಶ್ವಾಸದೊಂದಿಗೆ ತಳ್ಳಿಹಾಕಬಹುದು. ಎರಡೂ ಕಡೆ ಇದ್ದುದು ಉತ್ತಮ ಉಪಕರಣಗಳೇ. ವಿವಾದವೆಲ್ಲ ಅಂಕಿ ಆಕಾಶದ್ದೋ ಉಪಕರಣದ್ದೋ ಎಂಬುದರ ಮೇಲೆ.

ಅಳತೆಯ ಸರಪಳಿಯ ಮೇಲ್ತುದಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಕೈಗಾರಿಕೆಗಳಿಗೆ ಕ್ಯಾಲಿಬ್ರೇಷನ್ ಮಾಡಿಕೊಡುವ ಕೇಂದ್ರ ಸರ್ಕಾರದ ಪರೀಕ್ಷಾ ಕೇಂದ್ರಗಳು ಹೈದರಾಬಾದಿನಲ್ಲೂ ಬೆಂಗಳೂರಿನಲ್ಲೂ ಇವೆ. 1929ರಿಂದ ಇಂಜಿನಿಯರುಗಳನ್ನು ತಯಾರಿಸುತ್ತಿರುವ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಾಲೇಜು ನಾರಾಯಣಗೂಡಕ್ಕೆ ಸಮೀಪದಲ್ಲೇ ಇದೆ. ಕಲಬುರಗಿ, ರಾಯಚೂರು, ಬೀದರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯಗಳಿವೆ. ಇಂಥ ಕಡೆಗಳಲ್ಲಿ ಕ್ಯಾಲಿಬ್ರೇಷನ್ ಪ್ರಮಾಣಪತ್ರವಿರುವ ಸಿಗ್ನಲ್ ಜನರೇಟರು ವರ್ಷದ ಬಹುಪಾಲು ಬೀಗ ಹಾಕಿದ ಬೀರುವಿನಲ್ಲಿ ಇರುತ್ತದೆ. ವರ್ಷಕ್ಕೊಂದು ಭಾನುವಾರ ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಊರಿನ ಹ್ಯಾಮ್‌ಗಳಿಗೂ ವಿದ್ಯಾರ್ಥಿಗಳಿಗೂ ತಮ್ಮ ಮನೆ ಮೀಟರನ್ನು ತಂದು ಹೋಲಿಸಿಕೊಳ್ಳಲು ಬಿಡಬೇಕೆಂದು ಆ ವಿಭಾಗಗಳ ಮುಖ್ಯಸ್ಥರಲ್ಲಿ ನನ್ನ ವಿನಂತಿ. ಬರುವವರು ಹೋಲಿಸಿದ ದಿನಾಂಕ, ಆವರ್ತನ, ಎಷ್ಟು ಡೆಸಿಬೆಲ್ ಹೆಚ್ಚುಕಡಿಮೆ ಎಂಬ ಮೂರನ್ನೂ ಮೀಟರಿನ ಡಬ್ಬಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದುಕೊಂಡು ಹೋಗಲಿ.